ಬಾದಾಮಿ ಬಿಟ್ಟರೆ ಬೇರೆ ಮಾವೇ ಇಲ್ವಾ? ರಸಪುರಿ ಕಡೆಯವರು ಯಾರಾದರೂ ಇದ್ದೀರಾ?

ರಸಪುರಿ ಪಕ್ಷ

ಭಾನುವಾರ ಊಟದ ಹೊತ್ತಿಗೆ ಮನೆಯಲ್ಲಿ ಮಾವಿನ ಹಣ್ಣಿನ ವಿಷಯಕ್ಕೆ ಜಗಳ ಆಯಿತು. ತಮಾಷೆಗೆ ಹೇಳುತ್ತಿಲ್ಲ, ಒಬ್ಬರು ತಟ್ಟೆ ಬಿಟ್ಟು ಎದ್ದೇ ಹೋದರು (ನಾನೇ). ಭಾವ ಒಂದು ಡಬ್ಬ ಬಾದಾಮಿ ತಂದಿದ್ದರು. ನಾನು ಬೆಳಿಗ್ಗೆ ಎರಡು ಕೆಜಿ ರಸಪುರಿ ತಂದು ಅಡುಗೆಮನೆಯಲ್ಲಿ ಇಟ್ಟಿದ್ದೆ. ಅದನ್ನು ನೋಡಿ ಅವರು ಕೇಳಿದ್ದು, "ಇದನ್ನ ಯಾಕೆ ತಂದೆ, ಜ್ಯೂಸ್ ಮಾಡೋಕಾ?" ಆಮೇಲೆ ಒಂದು ದೊಡ್ಡ ಭಾಷಣ. ಬಾದಾಮಿಯಲ್ಲಿ ನಾರಿಲ್ಲ, ಬಣ್ಣ ನೋಡು, ವಾಸನೆ ನೋಡು, ವಿದೇಶಕ್ಕೆ ಹೋಗುತ್ತದೆ, ಉಳಿದದ್ದೆಲ್ಲ ಉಪ್ಪಿನಕಾಯಿಗೆ.

ನನ್ನ ವಾದ ಇಷ್ಟೇ. ಬಾದಾಮಿ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮಾವು ತಿಂದ ಹಾಗೆ ಆಗಬೇಕಾದರೆ ರಸ ಮೊಣಕೈವರೆಗೆ ಇಳಿಯಬೇಕು. ರಸಪುರಿಯನ್ನು ಎರಡೂ ಕೈಯಲ್ಲಿ ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಮೊದಲ ಸೊನೆ ಹಿಂಡಿ ಚೆಲ್ಲಿ, ಬಾಯಿಗಿಟ್ಟು ಹೀರಿದರೆ ಅದಕ್ಕೆ ಸಮ ಯಾವುದಿದೆ? ಸೀಕರಣೆಗೂ ಅದೇ ಸರಿ. ಬಾದಾಮಿ ಸೀಕರಣೆ ಗಟ್ಟಿ ಮುದ್ದೆಯಾಗಿ ಪೂರಿಯ ಮೇಲೆ ಕೂತುಬಿಡುತ್ತದೆ, ಜಾರುವುದೇ ಇಲ್ಲ.

ಎರಡು ಪ್ರಶ್ನೆ. ನಿಮ್ಮ ಓಟು ಯಾವುದಕ್ಕೆ, ಯಾಕೆ? ಮತ್ತೆ ಈ ರಸಪುರಿ ಯಾಕೆ ವರ್ಷದಿಂದ ವರ್ಷಕ್ಕೆ ಕಮ್ಮಿ ಆಗುತ್ತಿದೆ? ಈ ಸಲ ನಾಲ್ಕು ಅಂಗಡಿ ಅಲೆದ ಮೇಲೆ ಸಿಕ್ಕಿತು, ಅದೂ ಒಂದು ಮೂಲೆಯಲ್ಲಿ, ಬಾದಾಮಿ ರಾಶಿಯ ಹಿಂದೆ.

ನಾಲ್ಕನೇ ಮಹಡಿ

ಬಾದಾಮಿ. ಮುಂದಿನ ಪ್ರಶ್ನೆ?

ಧಾರವಾಡದ ಗಾಳಿ

ಮೊದಲು ಹೆಸರು ಸರಿ ಮಾಡಿಕೊಳ್ಳಿ. ನೀವು ದಕ್ಷಿಣದವರು ಬಾದಾಮಿ ಅನ್ನುವುದು, ನಮ್ಮ ಕಡೆ ಆಪೂಸ್ ಅನ್ನುವುದು, ಇಂಗ್ಲಿಷ್ ಪೇಪರಿನವರು ಆಲ್ಫಾನ್ಸೊ ಅನ್ನುವುದು ಎಲ್ಲ ಒಂದೇ ತಳಿ. ಗೋವಾ ಗೆದ್ದ ಪೋರ್ಚುಗೀಸ್ ಅಫೊನ್ಸೊ ದ ಅಲ್ಬುಕರ್ಕ್ ಇದ್ದನಲ್ಲ, 1510ರ ಆಸಾಮಿ, ಅವನ ಹೆಸರು ಹಣ್ಣಿಗೆ ಬಂದು ಆಮೇಲೆ ಜನರ ಬಾಯಲ್ಲಿ ಹಾಪೂಸ್, ಆಪೂಸ್ ಆಯಿತು. ಗೋವಾದಲ್ಲಿ ಮಾವಿಗೆ ಕಸಿ ಕಟ್ಟುವುದನ್ನು ಬೆಳೆಸಿದವರೂ ಪೋರ್ಚುಗೀಸರೇ. ಅಲ್ಲಿನ ಮಂಕುರಾದ್ ಕೂಡ ಅವರ ಭಾಷೆಯ ಮಾಲ್ಕೊರಾದೊ ಅನ್ನುವುದರಿಂದ ಬಂದದ್ದು. ಬಣ್ಣ ಸರಿಯಿಲ್ಲದ್ದು ಅಂತ ಅದರ ಅರ್ಥ. ಬಣ್ಣಗೆಟ್ಟದ್ದು ಅನ್ನಿಸಿಕೊಂಡ ಹಣ್ಣಿಗೆ ಗೋವಾದವರು ಇವತ್ತು ಆಪೂಸನ್ನೇ ಪಕ್ಕಕ್ಕೆ ಸರಿಸುತ್ತಾರೆ.

ಇನ್ನೊಂದು. 2018ರಲ್ಲಿ ಆಲ್ಫಾನ್ಸೊ ಅನ್ನುವ ಹೆಸರಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್, ಆ ಜಾಗದ ಹಣ್ಣಿಗಷ್ಟೇ ಆ ಹೆಸರು ಅನ್ನುವ ಮಾನ್ಯತೆ) ಸಿಕ್ಕಿದ್ದು ಕೊಂಕಣದ ಜಿಲ್ಲೆಗಳಿಗೆ, ರತ್ನಾಗಿರಿ, ಸಿಂಧುದುರ್ಗ, ರಾಯಗಡ, ಠಾಣೆ, ಪಾಲ್ಘರ್. ನಮ್ಮ ಧಾರವಾಡ ಆಪೂಸ್ ಆ ಪಟ್ಟಿಯಲ್ಲಿಲ್ಲ. ಆದರೂ ಕಲಘಟಗಿ ಕಡೆಯ ಹಣ್ಣು ಒಂದು ಸಲ ತಿಂದು ನೋಡಿ. ಸಮುದ್ರದ ಗಾಳಿ ಇಲ್ಲ, ಹಣ್ಣು ಸ್ವಲ್ಪ ಸಣ್ಣದು, ಸಿಹಿಯ ಜೊತೆ ಒಂದು ಹುಳಿ ಎಳೆ ಇರುತ್ತದೆ. ನನಗೆ ಆ ಎಳೆಯೇ ಬೇಕು.

ರಸಪುರಿ ಪಕ್ಷ

ಭಾವನಿಗೆ ಇದನ್ನು ತೋರಿಸುವುದಿಲ್ಲ, ಇನ್ನೂ ಎರಡು ಭಾಷಣ ಹೆಚ್ಚಾಗುತ್ತದೆ.

ಓಟೆ ಹುಳ

ಬಾದಾಮಿ ಭಕ್ತರಿಗೆ ಒಂದು ಮಾತು. ಹೊರಗೆ ಒಂದು ಕಲೆಯೂ ಇಲ್ಲದ ಬಾದಾಮಿ ಕತ್ತರಿಸಿದಾಗ ಒಳಗೆ ಬಿಳಿ ಬಿಳಿಯಾಗಿ, ಸ್ಪಂಜಿನ ಹಾಗೆ, ಹುಳಿ ವಾಸನೆ ಹೊಡೆಯುವ ತಿರುಳು ಸಿಕ್ಕಿದೆಯೋ ಇಲ್ವೋ? ಡಜನ್ನಿಗೆ ಎರಡು ಮೂರು ನನಗಂತೂ ಸಿಗುತ್ತವೆ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ, ಅವನಿಗೂ ಹೊರಗಿನಿಂದ ಗೊತ್ತಾಗುವುದಿಲ್ಲ. ಆ ತಳಿಯ ಹುಟ್ಟುಗುಣ ಅದು. ಹಣ್ಣು ಇನ್ನೂ ಮರದಲ್ಲಿರುವಾಗಲೇ ಓಟೆಯೊಳಗಿನ ಬೀಜ ಮೊಳಕೆಗೆ ಹೊರಟುಬಿಡುತ್ತದೆ, ಮೊಳಕೆಗೆ ಬೇಕಾದದ್ದನ್ನು ಸುತ್ತಲಿನ ತಿರುಳಿನಿಂದ ಎಳೆದುಕೊಳ್ಳುತ್ತದೆ. ಬಿಸಿಲಿಗೆ ಕಾದ ನೆಲದ ಶಾಖವೂ ಸೇರಿದರೆ ಇನ್ನೂ ಜಾಸ್ತಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದರ ಮೇಲೆ ತುಂಬ ಕೆಲಸ ಮಾಡಿ ಕಾಯಿಗೆ ಹಾಕುವ ಒಂದು ದ್ರಾವಣವನ್ನೂ ತಂದಿದ್ದಾರೆ. ರೈತರಿಗೆ ಹೇಳುವ ಸುಲಭದ ಉಪಾಯ, ಬುಡಕ್ಕೆ ಒಣ ಎಲೆ ಹುಲ್ಲು ಹೊದಿಸಿ, ಕಾಯಿ ತೀರಾ ಬಲಿಯುವ ತನಕ ಕಾಯದೆ ಸ್ವಲ್ಪ ಮೊದಲೇ ಕೀಳಿ.

ರಾಜ ಅನ್ನಿ ಪರವಾಗಿಲ್ಲ. ಆದರೆ ಹೊಟ್ಟೆನೋವಿನ ರಾಜ.

ನಾಲ್ಕನೇ ಮಹಡಿ

ನಿಮ್ಮ ಹೆಸರಿಗೆ ತಕ್ಕ ಮಾತು. ಹುಳಕ್ಕೆ ಹಣ್ಣಿನಲ್ಲಿ ಹುಳುಕೇ ಕಾಣುವುದು.

ಓಟೆ ಹುಳ

ಹೆಸರಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನೀಲಂ ಹಣ್ಣು ಕತ್ತರಿಸಿದಾಗ ಓಟೆಯಿಂದ ಕಪ್ಪು ದುಂಬಿ ಹಾರುತ್ತದಲ್ಲ, ಚಿಕ್ಕವರಿದ್ದಾಗ ಎಲ್ಲರಿಗೂ ಅದೊಂದು ಬೆರಗು, ಹಣ್ಣಿನಲ್ಲಿ ಒಂದು ತೂತೂ ಇಲ್ಲ, ಒಳಗೆ ಹೇಗೆ ಹೋಯಿತು ಅಂತ. ಕಾಯಿ ಗೋಲಿಯಷ್ಟಿದ್ದಾಗಲೇ ಅದು ಸಿಪ್ಪೆಯ ಮೇಲೆ ಮೊಟ್ಟೆ ಇಡುತ್ತದೆ. ಮರಿ ಎಳೆ ತಿರುಳನ್ನು ಕೊರೆದು ಬೀಜಕ್ಕೆ ಸೇರುತ್ತದೆ, ಕಾಯಿ ದೊಡ್ಡದಾಗುತ್ತಾ ದಾರಿ ಮುಚ್ಚಿಹೋಗುತ್ತದೆ. ಪಾಪ, ಅದು ತಿರುಳಿಗೆ ಕೈ ಹಾಕುವುದು ಕಡಿಮೆ, ಬೀಜ ಮಾತ್ರ ತಿನ್ನುತ್ತದೆ. ಹಣ್ಣು ಹಾಳುಮಾಡುವುದು ಹಣ್ಣಿನ ನೊಣ (ರೈತರ ಬಾಯಲ್ಲಿ ಊಜಿ), ಅದು ಬೇರೆ ಪ್ರಾಣಿ. ಅದರ ಹುಳು ತಿರುಳಲ್ಲೇ ಕುಣಿಯುತ್ತದೆ. 2014ರಲ್ಲಿ ಯುರೋಪಿನವರು ನಮ್ಮ ಮಾವನ್ನು ಕೆಲವು ತಿಂಗಳು ಒಳಗೆ ಬಿಡದೇ ಇದ್ದದ್ದು ಈ ನೊಣದಿಂದಲೇ.

ಮಾವು ಮಂಡಿ

ರಸಪುರಿ ಪಕ್ಷದವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನು ಶ್ರೀನಿವಾಸಪುರ ಕಡೆಯವನು, ನಾಲ್ಕು ಎಕರೆ ತೋಪು, ಅಪ್ಪನ ಕಾಲದ್ದು. ಅದರಲ್ಲಿ ರಸಪುರಿ ಎಷ್ಟು ಅಂದರೆ, ಮೊದಲು ನಲವತ್ತು ಮರ ಇತ್ತು, ಈಗ ಆರು. ಉಳಿದವನ್ನು ಕಡಿದು ತೋತಾಪುರಿ ಹಾಕಿದ್ದು ನಾನೇ.

ಬೈಯುವ ಮೊದಲು ಕೇಳಿ. ರಸಪುರಿ ಸಿಪ್ಪೆ ತೆಳು, ಒಳಗೆಲ್ಲ ನೀರು. ಹದವಾಗಿ ಹಣ್ಣಾದ ಮೇಲೆ ಎರಡು ಮೂರು ದಿನ ಅಷ್ಟೇ. ಕ್ರೇಟಿನಲ್ಲಿ ತಳದ ಹಣ್ಣು ಮೇಲಿನವುಗಳ ಭಾರಕ್ಕೆ ಬಿರಿಯುತ್ತದೆ. ಲಾರಿ ಒಂದು ರಾತ್ರಿ ಹೆಚ್ಚು ನಿಂತರೆ ಮುಗಿಯಿತು. ಮಂಡಿಯಲ್ಲಿ ವ್ಯಾಪಾರಿ ಹಣ್ಣನ್ನು ಬಾಯಿಗೆ ಹಾಕಿಕೊಂಡು ರೇಟು ಕೂಗುವುದಿಲ್ಲ. ಹೆಬ್ಬೆರಳು ಒತ್ತಿ ನೋಡುತ್ತಾನೆ. ಅಲ್ಲಿ ರುಚಿಗೆ ರೇಟಿಲ್ಲ, ಸಿಪ್ಪೆಗೆ ರೇಟು. ಬಂಗನಪಲ್ಲಿ (ನಮ್ಮ ಕಡೆ ಬೇನಿಷಾ) ಯಾಕೆ ಇಷ್ಟು ಓಡುತ್ತದೆ? ದಪ್ಪ ಕಾಯಿ, ಚೆಂದದ ಹಳದಿ, ದೂರ ಹೋಗುತ್ತದೆ. ಬಾದಾಮಿಗೆ ಹೆಸರಿದೆ, ಹಾಗಾಗಿ ಜೋಪಾನವಾಗಿ ಡಬ್ಬದಲ್ಲಿ ಹುಲ್ಲು ಹಾಕಿ ಕಳಿಸುತ್ತಾರೆ. ರಸಪುರಿಗೆ ಯಾರೂ ಡಬ್ಬ ಮಾಡುವುದಿಲ್ಲ.

ತೋತಾಪುರಿ ಇನ್ನೂ ಗಟ್ಟಿ. ಪ್ರತಿ ವರ್ಷ ಕಾಯಿ ಬಿಡುತ್ತದೆ, ಬಾದಾಮಿ ಥರ ಒಂದು ವರ್ಷ ಕೊಟ್ಟು ಮುಂದಿನ ವರ್ಷ ಸುಮ್ನೆ ಕೂರುವುದಿಲ್ಲ. ಚೀಲದಲ್ಲಿ ತುಂಬಿ ಎಸೆದರೂ ಏನೂ ಆಗುವುದಿಲ್ಲ. ತಿರುಳು ತೆಗೆಯುವ ಕಾರ್ಖಾನೆಗೆ ಅದೇ ಬೇಕು. ನೀವು ಬಾಟಲಿಯಲ್ಲಿ ಕುಡಿಯುವ ಮಾವಿನ ರಸದಲ್ಲಿ ಹೆಚ್ಚಾಗಿ ಇರುವುದು ತೋತಾಪುರಿಯೇ.

ಸುಮ್ನೆ ಓದುಗ

ತೋತಾಪುರಿಗೆ ವ್ಯಾಪಾರದಲ್ಲಿ ಬ್ಯಾಂಗಲೋರಾ ಅಂತಲೂ ಹೆಸರಿದೆ. ಬೆಂಗಳೂರಿನ ಹೆಸರು ಹೊತ್ತ ಹಣ್ಣನ್ನು ಬೆಂಗಳೂರಿನವರೇ ಹಣ್ಣು ಅಂತ ಒಪ್ಪುವುದಿಲ್ಲ ನೋಡಿ. ಉದ್ದಕ್ಕೆ ಸೀಳಿ ಉಪ್ಪುಖಾರ ಸವರಿ ಶಾಲೆ ಗೇಟಿನ ಮುಂದೆ ಮಾರುವ ಗಿಣಿಮೂತಿ ಕಾಯಿ, ಅಷ್ಟೇ ಅದಕ್ಕೆ ಮರ್ಯಾದೆ.

ನಾಲ್ಕನೇ ಮಹಡಿ

ಗಿಣಿಮೂತಿಗೆ ಉಪ್ಪುಖಾರ ಹಾಕಿದ್ದು ಅಂದರೆ ಅದಕ್ಕೆ ಮರ್ಯಾದೆ ಜಾಸ್ತಿಯೇ ಆಯಿತು. ಇದೊಂದು ವಿಷಯದಲ್ಲಿ ನಾನು ಬಾದಾಮಿ ಪಕ್ಷ ಬಿಡುತ್ತೇನೆ.

ಮಾವು ಮಂಡಿ

ತೋತಾಪುರಿ ನಂಬಿ ಗೆದ್ದೆ ಅಂತಲೂ ತಿಳಿಯಬೇಡಿ. 2025ರ ಜೂನ್ ನೆನಪಿದೆಯಾ? ಬೆಲೆ ನೆಲ ಕಚ್ಚಿತು. ನಮ್ಮ ಕಾಯಿ ಹೆಚ್ಚಾಗಿ ಹೋಗುವುದು ಗಡಿಯಾಚೆ ಚಿತ್ತೂರಿನ ಕಾರ್ಖಾನೆಗಳಿಗೆ. ಅಲ್ಲಿ ಅವರದ್ದೇ ಬೆಳೆ ಜಾಸ್ತಿ ಆಗಿ, ಹೊರಗಿನ ತೋತಾಪುರಿ ಬರಬಾರದು ಅಂತ ಆಯಿತು. ಜನ ರಸ್ತೆಗೆ ಕಾಯಿ ಸುರಿದರು. ಕೊನೆಗೆ ಕೇಂದ್ರದವರು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಲಿಗೆ 1,616 ರೂಪಾಯಿ ಅಂತ ನಿಗದಿ ಮಾಡಿದರು, ಎರಡೂವರೆ ಲಕ್ಷ ಟನ್‌ವರೆಗೆ. ಕೆಜಿಗೆ ಲೆಕ್ಕ ಹಾಕಿದರೆ ಹದಿನಾರು ರೂಪಾಯಿ ಚಿಲ್ಲರೆ. ಕೀಳುವ ಕೂಲಿ, ಗಾಡಿ ಬಾಡಿಗೆ ಕಳೆದು ನೀವೇ ನೋಡಿಕೊಳ್ಳಿ.

ಆ ವರ್ಷ ಉಳಿದಿರುವ ಆ ಆರು ರಸಪುರಿ ಮರದ ಹಣ್ಣನ್ನು ಹೆದ್ದಾರಿ ಬದಿಯಲ್ಲಿ ಕೂತು ನಮ್ಮ ಮನೆಯವರೇ ಮಾರಿದರು. ದುಡ್ಡು ಕಂಡದ್ದು ಅದರಲ್ಲೇ. ಕಡಿದ ಮೂವತ್ತನಾಲ್ಕು ಮರ ಆವತ್ತು ಕಣ್ಣ ಮುಂದೆ ಬಂತು.

ಕುಕ್ಕು ಕಾಟು

ಓದಿ ಬೇಜಾರಾಯಿತು. ಆದರೆ ನಮ್ಮ ಕರಾವಳಿಯ ಕಥೆ ಕೇಳಿದರೆ ನಿಮಗೇ ಪರವಾಗಿಲ್ಲ ಅನ್ನಿಸಬಹುದು. ನಿಮ್ಮ ರಸಪುರಿಗೆ ಒಂದು ಹೆಸರಾದರೂ ಇದೆ. ನಮ್ಮಲ್ಲಿ ಕಾಟು ಮಾವು ಅಂತ ಒಂದೇ ಹೆಸರು, ಪ್ರತಿ ಮರಕ್ಕೂ ಬೇರೆ ರುಚಿ. (ತುಳುವಿನಲ್ಲಿ ಕುಕ್ಕು ಅಂದರೆ ಮಾವು. ನನ್ನ ಹೆಸರು ನೋಡಿ ಕೋಳಿ ಅಂದುಕೊಂಡವರಿದ್ದಾರೆ.) ತೋಟದ ಮೂಲೆಯದ್ದು ಹುಳಿ, ಬಾವಿ ಕಟ್ಟೆಯದ್ದು ಕರ್ಪೂರದ ವಾಸನೆ, ದಾರಿಬದಿಯದ್ದು ಸಕ್ಕರೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಪೂರ್ತಿ ನಾರು. ಓಟೆ ಸಮೇತ ಬೇಯಿಸಿ ಬೆಲ್ಲ, ಮೆಣಸು ಹಾಕಿ ಗೊಜ್ಜು ಮಾಡಿ, ಓಟೆಯನ್ನು ಅನ್ನದ ತಟ್ಟೆಯಲ್ಲಿಟ್ಟು ಚೀಪಬೇಕು. ಬಾದಾಮಿಯಲ್ಲಿ ಅದು ಸಾಧ್ಯವೇ ಇಲ್ಲ. ಸಾಸಿವೆ ಅನ್ನುವ ಅಡುಗೆಗೂ ಕಾಟು ಮಾವೇ. ರಸ ಹಿಂಡಿ ಚಾಪೆಯ ಮೇಲೆ ಪದರ ಪದರ ಸವರಿ ಒಣಗಿಸಿದರೆ ಮಾಂಬಳ, ಮಳೆಗಾಲದಲ್ಲಿ ಅದನ್ನು ನೆನೆಸಿ ಮತ್ತೆ ಗೊಜ್ಜು.

ರಸ್ತೆ ಅಗಲ ಮಾಡಿದಾಗ ಮೊದಲು ಹೋದದ್ದು ಈ ಮರಗಳು. ಹೆಸರಿಲ್ಲದ ಮರ ಹೋದರೆ ಯಾವ ತಳಿ ಹೋಯಿತು ಅಂತ ಹೇಳುವುದು ಹೇಗೆ? ಬಾವಿ ಕಟ್ಟೆಯದ್ದು ಅಂತ ನಾವು ಮನೆಯವರು ಮಾತ್ರ ಹೇಳಬಹುದು.

ನಾಲ್ಕನೇ ಮಹಡಿ

ಓಟೆ ಹೂತರೆ ಅದೇ ಮರ ಬರುವುದಿಲ್ವಾ? ದಡ್ಡ ಪ್ರಶ್ನೆಯಾದರೆ ಕ್ಷಮಿಸಿ, ನಾನು ಹುಟ್ಟಿ ಬೆಳೆದದ್ದೆಲ್ಲ ಸಿಮೆಂಟಿನ ಮೇಲೆ.

ಓಟೆ ಹುಳ

ದಡ್ಡ ಪ್ರಶ್ನೆ ಅಲ್ಲ, ಇಡೀ ವಿಷಯ ಇರುವುದೇ ಅಲ್ಲಿ. ಬಾದಾಮಿ, ರಸಪುರಿ, ಮಲಗೋವ, ದಶೇರಿ ಇವುಗಳ ಓಟೆಯಲ್ಲಿ ಒಂದೇ ಭ್ರೂಣ. ಅದಕ್ಕೆ ತಾಯಿ ಗೊತ್ತು, ಪರಾಗ ಯಾವ ಮರದಿಂದ ಬಂತು ಅನ್ನುವುದು ನೊಣಕ್ಕೆ ಮಾತ್ರ ಗೊತ್ತು. ಹಾಗಾಗಿ ಬಾದಾಮಿ ಓಟೆ ಹೂತರೆ ಬರುವುದು ಬಾದಾಮಿ ಅಲ್ಲ, ಬಾದಾಮಿಯ ಮಗು. ಹುಳಿಯೂ ಆಗಬಹುದು, ಅಪರೂಪಕ್ಕೆ ಅಪ್ಪನನ್ನೂ ಮೀರಿಸಬಹುದು. ತಳಿ ಉಳಿಯಬೇಕು ಅಂದರೆ ಕಸಿಯೇ ದಾರಿ. ಹಾಗೆ ನೋಡಿದರೆ ಜಗತ್ತಿನ ಎಲ್ಲ ಬಾದಾಮಿ ಮರಗಳೂ ಒಂದೇ ಮರದ ಕೊಂಬೆಗಳು, ಬೇರೆ ಬೇರೆ ಬೇರಿನ ಮೇಲೆ ಕೂತಿವೆ ಅಷ್ಟೇ.

ಕರಾವಳಿಯ ಕೆಲವು ಮಾವು ಬೇರೆ ಥರ. ಒಂದು ಓಟೆ ಹೂತರೆ ಮೂರು ನಾಲ್ಕು ಮೊಳಕೆ ಏಳುತ್ತವೆ. ಅದರಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು, ಪರಾಗಕ್ಕೂ ಅವಕ್ಕೂ ಸಂಬಂಧವಿಲ್ಲ. ನಿಮ್ಮ ಕಡೆಯ ನೆಕ್ಕರೆ ಅಂಥದ್ದು, ಅಲ್ವಾ ಕುಕ್ಕು ಅವರೇ?

ಕುಕ್ಕು ಕಾಟು

ಹೌದು, ನೆಕ್ಕರೆ ಓಟೆಯಿಂದಲೇ ನೆಕ್ಕರೆ ಬರುತ್ತದೆ, ಅಜ್ಜಿ ಹಾಗೆಯೇ ಹತ್ತಾರು ಗಿಡ ಹಂಚಿದ್ದಾರೆ. ಅದರ ಹಿಂದೆ ಇಷ್ಟು ವಿಷಯ ಇದೆ ಅಂತ ಗೊತ್ತಿರಲಿಲ್ಲ. ಮುಂಡಪ್ಪಕ್ಕೆ ಮಾತ್ರ ಕಸಿ ಗಿಡವೇ ತರುತ್ತಿದ್ದರು. ಮುಂಡಪ್ಪ ತಿಂದವರು ಇಲ್ಲಿ ಯಾರೂ ಇಲ್ವಾ? ಒಂದು ಹಣ್ಣಿಗೆ ಇಬ್ಬರು ಬೇಕು, ಅಷ್ಟು ದೊಡ್ಡದು.

ಗಂಗಾವಳಿ ತೀರ

ಕರಾವಳಿ ಅಂದರೆ ಮಂಗಳೂರು ಮಾತ್ರ ಅಲ್ಲ ಮಾರಾಯ್ರೆ. ಅಂಕೋಲೆಯ ಕರಿ ಇಶಾಡು ಯಾರೂ ಹೇಳಲೇ ಇಲ್ಲ. ಮೇ ತಿಂಗಳಲ್ಲಿ ಹೆದ್ದಾರಿ ಬದಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಇಶಾಡಿನಲ್ಲಿ ಕರಿ, ಬಿಳಿ ಅಂತ ಎರಡಿವೆ. ಕರಿಯದು ತೆಳು ಸಿಪ್ಪೆ, ತಿರುಳು ಜಾಸ್ತಿ, ಪರಿಮಳ ಅಂತೂ ಚೀಲ ಬಿಚ್ಚುವ ಮೊದಲೇ ಪಕ್ಕದ ಮನೆಗೆ ಗೊತ್ತಾಗುತ್ತದೆ. 2023ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿತು.

ಆದರೆ ಮಾವು ಮಂಡಿಯವರು ಹೇಳಿದ್ದೇ ಇಲ್ಲೂ ಸತ್ಯ. ಸಿಪ್ಪೆ ತೆಳು, ಘಟ್ಟ ಹತ್ತುವಷ್ಟರಲ್ಲಿ ಮೆತ್ತಗಾಗುತ್ತದೆ. ಹುಬ್ಬಳ್ಳಿ ದಾಟಿದ ಇಶಾಡನ್ನು ನಾನಂತೂ ನೋಡಿಲ್ಲ.

ಮಿಡಿ ಭರಣಿ

ಹಣ್ಣು ಹಣ್ಣು ಅಂತ ಎಲ್ಲರೂ ಕುಣಿಯುತ್ತಿದ್ದೀರಿ. ಹಣ್ಣಾಗುವ ಮೊದಲೇ ಬೆಲೆ ಬಾಳುವ ಮಾವು ಒಂದಿದೆ, ಅಪ್ಪೆಮಿಡಿ. ಸಾಗರ, ಹೊಸನಗರ, ಸಿದ್ದಾಪುರ, ಶಿರಸಿ ಕಡೆ ಹೊಳೆ ಬದಿಯ ಕಾಡಿನಲ್ಲಿ ತಾನಾಗಿ ಬೆಳೆದ ಮರಗಳು, ಶರಾವತಿ, ಅಘನಾಶಿನಿ, ವರದಾ ತೀರದವು. 2009ರಲ್ಲೇ ಇದಕ್ಕೆ ಭೌಗೋಳಿಕ ಗುರುತು ಬಂದಿದೆ, ನಿಮ್ಮ ಆಲ್ಫಾನ್ಸೊಗಿಂತ ಒಂಬತ್ತು ವರ್ಷ ಮೊದಲು. ಭಾವನಿಗೆ ಇದನ್ನು ಮಾತ್ರ ತಪ್ಪದೆ ಹೇಳಿ.

ಇದರಲ್ಲೂ ಒಳಜಾತಿ ಎಷ್ಟು! ಜೀರಿಗೆ ಅಪ್ಪೆ ತೊಟ್ಟು ಮುರಿದರೆ ಜೀರಿಗೆ ವಾಸನೆ. ಅನಂತಭಟ್ಟನ ಅಪ್ಪೆ, ಮಾಳಂಜಿ, ಹೀಗೆ ಮನೆ ಹೆಸರು, ಊರ ಹೆಸರು ಹೊತ್ತವು ಹತ್ತಾರು. ಮಿಡಿಯನ್ನು ತೊಟ್ಟು ಸಮೇತ, ನೆಲಕ್ಕೆ ಬೀಳದಂತೆ ಕೊಯ್ಯಬೇಕು. ತೊಟ್ಟು ಕಳಚಿದರೆ ಸೊನೆ ಹೋಯಿತು, ಸೊನೆ ಹೋದರೆ ಪರಿಮಳವೂ ಹೋಯಿತು, ಬಾಳಿಕೆಯೂ ಹೋಯಿತು. ಉಪ್ಪಿನಲ್ಲಿ ಹಾಕಿಟ್ಟು, ಸುಕ್ಕುಗಟ್ಟಿದ ಮೇಲೆ ಖಾರ ಬೆರೆಸಿದರೆ ವರ್ಷಗಟ್ಟಲೆ ಇರುತ್ತದೆ. ನಮ್ಮ ಭರಣಿಯ ತಳದಲ್ಲಿ ಮೂರು ವರ್ಷದ ಹಿಂದಿನ ಮಿಡಿ ಇದೆ, ಇನ್ನೂ ಕಚ್ಚಿದರೆ ಕಟಕ್ ಅನ್ನುತ್ತದೆ.

ಕಷ್ಟ ಇಲ್ಲೂ ಇದೆ. ಮಿಡಿಗೆ ಬೆಲೆ ಬಂದಿತು ಅಂತ ಹತ್ತುವುದಕ್ಕೆ ಬೇಸರವಾಗಿ ಕೊಂಬೆಗಳನ್ನೇ ಕಡಿದು ಕೆಳಗೆ ಹಾಕಿಕೊಂಡು ಕೊಯ್ಯುವವರಿದ್ದಾರೆ. ಕಾಡಿನ ಮರ, ಯಾರದ್ದೂ ಅಲ್ಲ. ಮರುವರ್ಷ ಆ ಮರ ಬೋಳು. ಈಗ ಕೆಲವರು ಒಳ್ಳೆಯ ಮರಗಳ ಕಡ್ಡಿ ತಂದು ಕಸಿ ಮಾಡಿ ಮನೆ ಹಿತ್ತಲಲ್ಲಿ ಬೆಳೆಸುತ್ತಿದ್ದಾರೆ, ಅದೊಂದು ಸಮಾಧಾನ.

ಸುಮ್ನೆ ಓದುಗ

ಇಷ್ಟೆಲ್ಲ ಆದರೂ ಮಲ್ಲಿಕಾ ಅಂತ ಒಬ್ಬರೂ ಅನ್ನಲಿಲ್ಲ. ಜೂನ್ ಕೊನೆಗೆ ಬರುತ್ತದೆ, ಎಲ್ಲರ ಜೋಶ್ ಇಳಿದ ಮೇಲೆ. ನನ್ನ ಓಟು ಅದಕ್ಕೇ.

ಧಾರವಾಡದ ಗಾಳಿ

ಮಲ್ಲಿಕಾ ನಾನು ಎರಡು ಸಲ ತಂದೆ, ಎರಡೂ ಸಲ ಹುಳಿ ಸೌತೆಕಾಯಿ.

ಸುಮ್ನೆ ಓದುಗ

ಅವಸರ ಮಾಡಿದ್ದೀರಿ. ಮಲ್ಲಿಕಾ ಹಳದಿಯಾದ ತಕ್ಷಣ ತಿನ್ನುವ ಹಣ್ಣಲ್ಲ. ಕಾಯಿ ತಂದು ಕಾಗದ ಸುತ್ತಿ ಇಡಬೇಕು, ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಸಿಪ್ಪೆ ಚೂರು ಸುಕ್ಕಾಗಬೇಕು, ಬಣ್ಣ ಕಿತ್ತಳೆ ಕಡೆಗೆ ತಿರುಗಬೇಕು. ಆಗ ಕತ್ತರಿಸಿ. ಓಟೆ ಚಪ್ಪಟೆ, ತೆಳು, ಉಳಿದದ್ದೆಲ್ಲ ತಿರುಳು. ಅದರ ತಾಯಿ ನಮ್ಮ ನೀಲಂ, ತಂದೆ ಲಖನೌ ಕಡೆಯ ದಶೇರಿ. 1970ರ ದಶಕದ ಆರಂಭದಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಮಾಡಿದ್ದು. ಅದೇ ಜೋಡಿಯನ್ನು ತಿರುಗಿಸಿ, ದಶೇರಿ ತಾಯಿ ನೀಲಂ ತಂದೆ ಮಾಡಿದಾಗ ಬಂದದ್ದು ಆಮ್ರಪಾಲಿ, ಗಿಡ್ಡ ಮರ. ದೆಹಲಿಯಲ್ಲಿ ಹುಟ್ಟಿದ ಮಲ್ಲಿಕಾ ನಮ್ಮ ಕರ್ನಾಟಕದ ಮಣ್ಣಲ್ಲಿ ಚೆನ್ನಾಗಿ ನೆಲೆ ಕಂಡಿತು.

ನಾಲ್ಕನೇ ಮಹಡಿ

ಆ ಗಿಡ್ಡ ಆಮ್ರಪಾಲಿಯನ್ನು ತಾರಸಿಯ ಮೇಲೆ ಡ್ರಮ್ಮಿನಲ್ಲಿ ಬೆಳೆಸಬಹುದಾ? ಮತ್ತೆ ಒಂದು ದೂರು. ಮೊನ್ನೆ ಆನ್‌ಲೈನಿನಲ್ಲಿ ತರಿಸಿದ ಬಾದಾಮಿ ಹೊರಗೆ ಪೂರ್ತಿ ಹಳದಿ, ಒಳಗೆ ಬೆಳ್ಳಗೆ, ಕಲ್ಲಿನಂತೆ. ಕಾರ್ಬೈಡ್ ಹಾಕಿದ್ದಾರೆ ಅಂತ ಗುಮಾನಿ. ವಾಟ್ಸಾಪಿನಲ್ಲಿ ಬಂದ ಹಾಗೆ ನೀರಲ್ಲಿ ಹಾಕಿ ನೋಡಿದೆ, ಎರಡು ತೇಲಿದವು, ನಾಲ್ಕು ಮುಳುಗಿದವು. ಹಾಗಾದರೆ ಎರಡಕ್ಕೆ ಮಾತ್ರ ಕಾರ್ಬೈಡಾ?

ಓಟೆ ಹುಳ

ನೀರಿನ ಪರೀಕ್ಷೆ ಕಾರ್ಬೈಡಿನದ್ದಲ್ಲ. ಬಲಿತ ಕಾಯಿ ನೀರಿಗಿಂತ ಚೂರು ಭಾರ, ಮುಳುಗುತ್ತದೆ. ಎಳೆಯದು ತೇಲುತ್ತದೆ. ಅಷ್ಟೇ. ನಿಮ್ಮ ಎರಡು ಹಣ್ಣು ಬಲಿಯುವ ಮೊದಲೇ ಕಿತ್ತದ್ದು ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ. ಎಳೆ ಕಾಯಿಗೆ ಏನು ಹಾಕಿ ಹಳದಿ ಮಾಡಿದರೂ ಸಿಹಿ ಬರುವುದಿಲ್ಲ, ಸಿಹಿಯಾಗುವ ಪಿಷ್ಟವೇ ಅದರಲ್ಲಿ ತುಂಬಿರುವುದಿಲ್ಲ. ಮೇ ಮೊದಲ ವಾರದ ಮಾರುಕಟ್ಟೆಯ ದೊಡ್ಡ ರೋಗ ಇದು, ಬೆಲೆ ಜಾಸ್ತಿ ಸಿಗುತ್ತದೆ ಅಂತ ಎಳೆಯದನ್ನೇ ಇಳಿಸುವುದು.

ಕಾರ್ಬೈಡಿಗೆ ನಿಷೇಧ ಇದೆ. ಅದರಿಂದ ಹೊರಡುವ ಅಸಿಟಿಲಿನ್ ಹಣ್ಣು ಮಾಡುತ್ತದೆ, ಆದರೆ ಜೊತೆಗೆ ಆರ್ಸೆನಿಕ್, ರಂಜಕದ ಅಂಶವೂ ಬರುತ್ತದೆ. ಎಥಿಲೀನ್ ಅನಿಲಕ್ಕೆ ಅನುಮತಿ ಇದೆ, 100 ಪಿಪಿಎಂ ಮಿತಿಯೊಳಗೆ. ಹಣ್ಣು ತಾನೇ ಬಿಡುವ ಅನಿಲವೂ ಅದೇ. ಅಜ್ಜಿಯರು ಹುಲ್ಲಿನಲ್ಲಿ ಅಡೆ ಹಾಕುತ್ತಿದ್ದರಲ್ಲ, ಮುಚ್ಚಿದ ಜಾಗದಲ್ಲಿ ಆ ಅನಿಲ ನಿಲ್ಲಲಿ ಅಂತಲೇ.

ಆಮ್ರಪಾಲಿ ಡ್ರಮ್ಮಿನಲ್ಲಿ ಆಗುತ್ತದೆ. ಬಿಸಿಲು ಬೇಕು, ತಳದಲ್ಲಿ ನೀರು ಹರಿಯುವ ತೂತು ಬೇಕು.

ಮಿಡಿ ಭರಣಿ

ಒಂದು ಎಚ್ಚರಿಕೆ, ಹೀರಿ ತಿನ್ನುವವರಿಗೆ. ಸೊನೆ ತುಟಿಗೆ ತಾಗಿದರೆ ಕೆಲವರಿಗೆ ಹುಣ್ಣಾಗುತ್ತದೆ. ಮಾವು, ಗೇರು ಒಂದೇ ಕುಟುಂಬ, ಗೇರಿನ ಎಣ್ಣೆ ಚರ್ಮ ಸುಡುವ ಹಾಗೆಯೇ ಇದೂ. ಹಣ್ಣನ್ನು ಸ್ವಲ್ಪ ಹೊತ್ತು ನೀರಲ್ಲಿಟ್ಟು, ತೊಟ್ಟಿನ ಜಾಗ ಚೆನ್ನಾಗಿ ತೊಳೆಯಿರಿ. ನನ್ನ ತಮ್ಮನಿಗೆ ಒಂದು ಮದುವೆಯ ಫೋಟೋದಲ್ಲಿ ಪೂರ್ತಿ ಊದಿದ ತುಟಿ ಇದೆ. ಮದುವೆ ಅವನದ್ದೇ.

ರಸಪುರಿ ಪಕ್ಷ

ಎಲ್ಲರಿಗೂ ಥ್ಯಾಂಕ್ಸ್. ಈಗ ಒಂದು ಬೆಳವಣಿಗೆ. ಮಾವು ಮಂಡಿಯವರ ಆರು ಮರದ ಮಾತು ಓದಿ ತಲೆಗೆ ಹುಳ ಹೊಕ್ಕಿತು. ಅಮ್ಮನ ಊರಲ್ಲಿ ಮನೆ ಹಿಂದೆ ಜಾಗ ಇದೆ, ಒಂದು ರಸಪುರಿ ಹಾಕೋಣ ಅಂತ ಮೊನ್ನೆ ಎರಡು ನರ್ಸರಿಗೆ ಹೋದೆ. ಬಾದಾಮಿ ಇದೆ, ಮಲ್ಲಿಕಾ ಇದೆ, ಕೇಸರ್ ಇದೆ, ಇಮಾಂ ಪಸಂದ್ ಕೂಡ ಇದೆ. ರಸಪುರಿ ಕೇಳಿದರೆ "ಯಾರೂ ಕೇಳಲ್ಲ ಸರ್, ಹಾಗಾಗಿ ಕಟ್ಟಲ್ಲ" ಅಂದರು. ಕೇಳುತ್ತಿದ್ದೇನಲ್ಲ, ನಾನು ಯಾರೂ ಅಲ್ವಾ?

ಮಾವು ಮಂಡಿ

ನರ್ಸರಿ ಬಿಡಿ. ಕಡ್ಡಿ ನಾನು ಕೊಡುತ್ತೇನೆ, ನೀವು ಬೇರು ತಯಾರು ಮಾಡಿಕೊಳ್ಳಿ. ಓಟೆ ಕಸಿ ಅಂತ ಇದೆ, ಕಷ್ಟ ಏನಲ್ಲ. ಈಗ ತಿಂದ ಹಣ್ಣಿನ ಓಟೆಗಳನ್ನು ತೊಳೆದು ಅವತ್ತೇ ಅಥವಾ ಒಂದು ವಾರದೊಳಗೆ ಮರಳು ಮಣ್ಣಿನಲ್ಲಿ ಹೂತುಬಿಡಿ. ಒಣಗಿಸಿ ಇಟ್ಟರೆ ಸಾಯುತ್ತದೆ, ಒಂದು ತಿಂಗಳು ದಾಟಿದ ಓಟೆ ಏಳುವುದು ಕಷ್ಟ. ಹೊರಗಿನ ಗಟ್ಟಿ ಚಿಪ್ಪು ಬಿಡಿಸಿ ಹೂತರೆ ಇನ್ನೂ ಬೇಗ ಮೊಳೆಯುತ್ತದೆ, ಒಳಗಿನ ಬೀಜಕ್ಕೆ ಚಾಕು ತಾಗದಂತೆ ನೋಡಿಕೊಳ್ಳಿ. ಮೊಳಕೆ ಎದ್ದು ಹತ್ತು ಹದಿನೈದು ದಿನದೊಳಗೆ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿ ಇರುವಾಗ, ತುದಿ ಕತ್ತರಿಸಿ ಸೀಳಿ, ಅದೇ ದಪ್ಪದ ರಸಪುರಿ ಕಡ್ಡಿಯನ್ನು ಬೆಣೆಯ ಹಾಗೆ ಚೂಪು ಮಾಡಿ ಒಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಬೇಕು. ಜುಲೈ, ಆಗಸ್ಟ್ ಒಳ್ಳೆಯ ಕಾಲ, ಗಾಳಿಯಲ್ಲಿ ತೇವ ಇರುತ್ತದೆ. ನಾನು ಒಂದು ವಾರ ಮೊದಲೇ ಕಡ್ಡಿಯ ಎಲೆ ಕಿತ್ತು ಮೊಗ್ಗು ಉಬ್ಬಿಸಿ ಇಟ್ಟಿರುತ್ತೇನೆ. ನೀವು ಒಂದು ಇಪ್ಪತ್ತು ಓಟೆ ಹಾಕಿ, ಅರ್ಧ ಕೈಕೊಟ್ಟರೂ ಹತ್ತು ಗಿಡ.

ಮೊದಲ ಎರಡು ಮೂರು ವರ್ಷ ಹೂ ಬಂದರೆ ಚಿವುಟಿ ಹಾಕಿ, ಆಸೆ ಪಡಬೇಡಿ.

ಕುಕ್ಕು ಕಾಟು

ಕಡ್ಡಿ ಕಳಿಸುವುದಾದರೆ ನಾನೂ ಸಾಲಿನಲ್ಲಿದ್ದೇನೆ. ಬದಲಿಗೆ ಬಾವಿ ಕಟ್ಟೆ ಮರದ ಕಡ್ಡಿ ಕೊಡುತ್ತೇನೆ. ಹೆಸರು ಕೇಳಬೇಡಿ, ನೀವೇ ಇಟ್ಟುಕೊಳ್ಳಿ.

ರಸಪುರಿ ಪಕ್ಷ

ಬೇರಿಗೆ ಯಾವ ಓಟೆ ಆಗಬಹುದು? ರಸಪುರಿದೇ ಬೇಕಾ?

ಮಾವು ಮಂಡಿ

ಯಾವುದಾದರೂ ಆಗುತ್ತದೆ. ಬೇರು ಯಾರದ್ದಾದರೂ ಹಣ್ಣು ಕಡ್ಡಿಯದ್ದೇ.

ರಸಪುರಿ ಪಕ್ಷ

ಹಾಗಾದರೆ ಕೆಲಸ ಶುರು ಆಗಿದೆ ಅನ್ನಿ. ಭಾವನ ಡಬ್ಬದ ಬಾದಾಮಿ ನಿನ್ನೆಗೆ ಮುಗಿಯಿತು. ಕೊನೆಯ ಹದಿನೆಂಟು ಓಟೆ ಕಸಕ್ಕೆ ಹೋಗುವ ಮೊದಲು ಎತ್ತಿಟ್ಟು, ಅಕ್ಕನ ಬಾಲ್ಕನಿಯ ಹೂಕುಂಡಗಳಲ್ಲಿ ಹೂತಿದ್ದೇನೆ. ಭಾವ ದಿನಾ ಬೆಳಿಗ್ಗೆ ತಾವೇ ನೀರು ಹಾಕುತ್ತಿದ್ದಾರೆ, ಬಾದಾಮಿ ಗಿಡ ಬರುತ್ತದೆ ಅಂತ. ನಾನು ಇನ್ನೂ ಏನೂ ಹೇಳಿಲ್ಲ.